ಹನುಕ್ಕಾ ಚಾಕೊಲೇಟ್ ನಾಣ್ಯ ಕೈಕೊಟ್ಟಾಗ: ಮತ್ತೆ ಕರಗಿಸುವ ಮೊದಲು

ಅಚ್ಚಿನಿಂದ ಬಿದ್ದ ನಾಣ್ಯದ ಮೇಲೆ ಬೂದಿ ಸವರಿದ ಹಾಗೆ ಬಿಳಿ ಕಲೆ. ಇನ್ನೊಂದು ಅಚ್ಚನ್ನು ಬಿಟ್ಟು ಬರುತ್ತಲೇ ಇಲ್ಲ. ಮೂರನೆಯದು ಬೆರಳು ತಾಗುತ್ತಲೇ ಮೆತ್ತಗಾಗುತ್ತಿದೆ. ಸಂಜೆ ಮಕ್ಕಳು ಬರುವ ಹೊತ್ತು ಹತ್ತಿರವಾಗಿದೆ. ಇಂಥ ಗಳಿಗೆಯಲ್ಲಿ ಎಲ್ಲರೂ ಮಾಡುವುದು ಒಂದೇ ಕೆಲಸ: ಅಷ್ಟನ್ನೂ ಪಾತ್ರೆಗೆ ಸುರಿದು ಮತ್ತೆ ಒಲೆಗೆ ಇಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಚಾಕೊಲೇಟ್ ಕರಗಿದರೆ ಅದರ ಜೊತೆಗೆ ತಪ್ಪಿನ ಗುರುತೂ ಕರಗಿಹೋಗುತ್ತದೆ. ಏನು ಕೆಟ್ಟಿತೆಂದು ತಿಳಿಯದೆ ಎರಡನೆಯ ಸಲ ಮಾಡಿದರೆ ಎರಡನೆಯ ಸಲವೂ ಅದೇ ಕೆಡುತ್ತದೆ. ಮೊದಲು ಒಂದು ನಾಣ್ಯ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ, ಮುರಿದು ನೋಡಿ, ಬೆರಳಿನಿಂದ ಉಜ್ಜಿ ನೋಡಿ. ಐದು ನಿಮಿಷದ ಕೆಲಸ. ಕಾರಣ ಬಹುಪಾಲು ಅಲ್ಲಿಯೇ ಸಿಗುತ್ತದೆ.

ನಾನು ಹೈಫಾದಲ್ಲಿ ಇಳಿವಯಸ್ಸಿನ ಒಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮನೆಯವರೆಲ್ಲರೂ ಅವರನ್ನು ಸಾವ್ತಾ, ಅಂದರೆ ಅಜ್ಜಿ, ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಮಂಗಳೂರು, ಉಡುಪಿ, ಪುತ್ತೂರಿನ ಕಡೆಯಿಂದ ಇದೇ ಕೆಲಸಕ್ಕೆ ಇಸ್ರೇಲಿಗೆ ಬಂದ ನಮ್ಮವರು ಸಾಕಷ್ಟು ಜನ ಇದ್ದಾರೆ. ಹಬ್ಬ ಬಂದಾಗ ಮನೆಯ ಅಡುಗೆಯ ಒಂದು ಭಾಗ ನಮ್ಮ ಕೈಗೂ ಬರುತ್ತದೆ. ಈ ಬರಹ ಮುಖ್ಯವಾಗಿ ಅವರಿಗೆ. ಚಾಕೊಲೇಟಿನ ಗುಣ ಎಲ್ಲ ಊರಿನಲ್ಲಿಯೂ ಒಂದೇ ಆದ್ದರಿಂದ ಉಳಿದವರಿಗೂ ಉಪಯೋಗಕ್ಕೆ ಬರಬಹುದು.

ನಾಣ್ಯ ಏಕೆ ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಹನುಕ್ಕಾ ಯೆಹೂದಿಗಳ ಎಂಟು ರಾತ್ರಿಗಳ ದೀಪದ ಹಬ್ಬ. ಕ್ರಿ.ಪೂ. 164ರಲ್ಲಿ ಮಕ್ಕಬಿಯರು ಎಂಬ ಯೆಹೂದಿ ಹೋರಾಟಗಾರರು ಜೆರುಸಲೇಮಿನ ದೇವಾಲಯವನ್ನು ಮರಳಿ ಪಡೆದು ಶುದ್ಧಗೊಳಿಸಿದ್ದರ ನೆನಪು ಅದು. ಯೆಹೂದಿ ಪಂಚಾಂಗದ ಕಿಸ್ಲೇವ್ ತಿಂಗಳ 25ರಂದು ಶುರುವಾಗುತ್ತದೆ. ನಮ್ಮ ದೀಪಾವಳಿಯಂತೆಯೇ ಇಂಗ್ಲಿಷ್ ತಾರೀಖು ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. ಈ ಹಬ್ಬದಲ್ಲಿ ಮಕ್ಕಳಿಗೆ ದುಡ್ಡು ಕೊಡುವ ವಾಡಿಕೆ ಪೂರ್ವ ಯುರೋಪಿನ ಯೆಹೂದಿಗಳಲ್ಲಿ ಬೆಳೆಯಿತು. ಅವರ ಯಿಡ್ಡಿಷ್ ಭಾಷೆಯಲ್ಲಿ ಅದು ಗೆಲ್ಟ್, ಹೀಬ್ರೂವಿನಲ್ಲಿ ದ್ಮೇ ಹನುಕ್ಕಾ. ಚಿನ್ನದ ಹಾಳೆ ಸುತ್ತಿದ ಚಾಕೊಲೇಟ್ ನಾಣ್ಯ ಆಮೇಲೆ, 1920ರ ದಶಕದಲ್ಲಿ, ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು. ಮಕ್ಕಳು ಇದನ್ನೇ ಪಣವಾಗಿಟ್ಟು ಸೆವಿವೋನ್ ಎಂಬ ನಾಲ್ಕು ಮುಖದ ಬುಗುರಿ ಆಡುತ್ತಾರೆ. ಆಟವಾಡುವಾಗ ನಾಣ್ಯ ಹತ್ತಾರು ಸಲ ಕೈಯಿಂದ ಕೈಗೆ ಹೋಗುತ್ತದೆ. ಹಾಗಾಗಿ ಇದು ಬರೀ ರುಚಿಯಾಗಿದ್ದರೆ ಸಾಲದು, ಗಟ್ಟಿಯಾಗಿಯೂ ಇರಬೇಕು.

ಹದ ಎಂದರೆ ಇಲ್ಲಿ ಏನು

ನಾಣ್ಯದ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹದ ತಪ್ಪಿದ್ದರಿಂದ ಬರುವಂಥವು. ಆದ್ದರಿಂದ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ನಮ್ಮ ಮನೆಯ ಅಡಿಕೆ ತೋಟದ ನಡುವೆ ಕೊಕ್ಕೋ ಗಿಡಗಳಿವೆ. ಕಾಯಿ ಒಡೆದು ಹಸಿ ಬೀಜವನ್ನು ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೋಗೆ ಕೊಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಪುತ್ತೂರಿನಲ್ಲಿರುವ ಅದರ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ. ಆ ಬೀಜದೊಳಗಿನ ಬೆಣ್ಣೆಗೆ ಎಂಥ ಹಟವಿದೆ ಎಂಬುದು ನನಗೆ ತಿಳಿದದ್ದು ಮಾತ್ರ ಇಲ್ಲಿಯ ಅಡುಗೆಮನೆಯಲ್ಲಿ. ಕೊಕ್ಕೋ ಬೆಣ್ಣೆ ಹೆಪ್ಪುಗಟ್ಟುವಾಗ ಆರು ಬಗೆಯ ಹರಳುಗಳಾಗಿ ಕಟ್ಟಿಕೊಳ್ಳಬಲ್ಲದು. ಅವುಗಳಲ್ಲಿ ಐದನೆಯ ಬಗೆ ಮಾತ್ರ ನಮಗೆ ಬೇಕಾದದ್ದು. ಅದನ್ನೇ ಕಟ್ಟಿಸುವುದಕ್ಕೆ ಇಲ್ಲಿ ಹದ ಎನ್ನುವುದು. ಹೊಳಪು, ಟಕ್ಕೆಂದು ಮುರಿಯುವ ಗುಣ, ಅಚ್ಚಿನಿಂದ ತಾನಾಗಿ ಬಿಟ್ಟುಕೊಳ್ಳುವ ಗುಣ ಮೂರೂ ಅದರದೇ. ಅದು ಕರಗುವುದು ಸುಮಾರು 33ರಿಂದ 34 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಉಳಿದ ಕೆಳಗಿನ ಬಗೆಗಳು ಅದಕ್ಕಿಂತ ಕಡಿಮೆ ಬಿಸಿಗೇ ಕರಗುತ್ತವೆ. ಆದ್ದರಿಂದಲೇ ಅಂಥ ನಾಣ್ಯ ಬೆರಳಿಗೆ ಮೆತ್ತಿಕೊಳ್ಳುತ್ತದೆ.

ತುಪ್ಪವನ್ನು ನೆನೆಸಿಕೊಳ್ಳಿ. ನಿಧಾನವಾಗಿ ತಣಿದ ತುಪ್ಪ ಮರಳುಮರಳಾಗಿ ಕಟ್ಟುತ್ತದೆ, ಬೇಗ ತಣಿಸಿದ್ದು ನುಣ್ಣಗೆ ಗಟ್ಟಿಯಾಗುತ್ತದೆ. ತುಪ್ಪ ಅದೇ, ತಣಿದ ರೀತಿ ಬೇರೆ. ತುಪ್ಪದಲ್ಲಿ ನಾವು ಮರಳನ್ನು ಮೆಚ್ಚುತ್ತೇವೆ, ಚಾಕೊಲೇಟಿನಲ್ಲಿ ನುಣುಪನ್ನು ಬಯಸುತ್ತೇವೆ, ಅಷ್ಟೇ ವ್ಯತ್ಯಾಸ.

ಹದಕ್ಕೆ ತರುವ ಸುಲಭ ದಾರಿ ಹೆಪ್ಪು ಹಾಕುವುದು. ಮೊಸರಿಗೆ ಹಾಕಿದ ಹಾಗೆಯೇ. ಕಪ್ಪು ಚಾಕೊಲೇಟನ್ನು ಸಣ್ಣಗೆ ಹೆಚ್ಚಿ ಮೂರು ಪಾಲು ಮಾಡಿ. ಎರಡು ಪಾಲನ್ನು 45 ಡಿಗ್ರಿಗೆ ಕರಗಿಸಿ ಒಲೆಯಿಂದ ಇಳಿಸಿ. ಉಳಿದ ಒಂದು ಪಾಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಕೈ ಬಿಡದೆ ತಿರುವಿ. ಕರಗದೆ ಉಳಿದ ಚೂರುಗಳಲ್ಲಿ ಕಾರ್ಖಾನೆಯಲ್ಲಿ ಕಟ್ಟಿದ ಐದನೆಯ ಬಗೆಯ ಹರಳುಗಳಿರುತ್ತವೆ, ಅವೇ ಹೆಪ್ಪು. ಚಾಕೊಲೇಟ್ 31ರಿಂದ 32 ಡಿಗ್ರಿಗೆ ಇಳಿದಾಗ ಅಚ್ಚಿಗೆ ಹೊಯ್ಯಬಹುದು. ಹಾಲಿನ ಚಾಕೊಲೇಟಿಗೆ ಇದು 29ರಿಂದ 30 ಡಿಗ್ರಿ. ಹೆಪ್ಪು ಹಾಕಿದ ಮೇಲೆ ಪಾತ್ರೆಯ ಬಿಸಿ 34 ದಾಟಿದರೆ ಹೆಪ್ಪು ಸತ್ತಿತೆಂದೇ ತಿಳಿಯಿರಿ, ಬೇರೆ ಚೂರು ಹಾಕಬೇಕು. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದಂತೆ ಇದೂ.

ಬಿಸಿ ಅಳೆಯುವ ಡಿಜಿಟಲ್ ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಮೈಸೂರು ಪಾಕದ ಪಾಕವನ್ನು ಬೆರಳ ನಡುವಿನ ಎಳೆಯಿಂದ ತಿಳಿಯಬಹುದು. ಇಲ್ಲಿ 32 ಡಿಗ್ರಿಗೂ 35 ಡಿಗ್ರಿಗೂ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ, ಫಲದಲ್ಲಿ ಮಾತ್ರ ಅಜಗಜಾಂತರ.

ಹೊಯ್ಯುವ ಮೊದಲು ಚಾಕುವಿನ ತುದಿಯನ್ನು ಅದ್ದಿ ಪಕ್ಕಕ್ಕಿಡಿ. 20 ಡಿಗ್ರಿಯ ಕೋಣೆಯಲ್ಲಿ ಐದು ನಿಮಿಷದೊಳಗೆ ಒಂದೇ ಬಣ್ಣದಲ್ಲಿ, ಹೊಳಪಿನಿಂದ ಗಟ್ಟಿಯಾದರೆ ಹದ ಬಂದಿದೆ. ಗೆರೆಗೆರೆಯಾಗಿ ಕಂಡರೆ ಅಥವಾ ಇನ್ನೂ ಹಸಿಯಾಗಿದ್ದರೆ ಬಂದಿಲ್ಲ. ಈ ಒಂದು ಪರೀಕ್ಷೆ ಮಾಡಿದ್ದರೆ ಕೆಳಗಿನ ಅರ್ಧ ಬರಹ ನಿಮಗೆ ಬೇಡ.

ಮೊದಲು ಪೊಟ್ಟಣ ನೋಡಿ

ನಾಣ್ಯ ಕೆಟ್ಟಿದ್ದರೆ ಮೊದಲ ಪ್ರಶ್ನೆ: ಕರಗಿಸಿದ್ದು ನಿಜವಾದ ಚಾಕೊಲೇಟೇ, ಕಾಂಪೌಂಡೇ? ಎರಡೂ ಒಂದೇ ಬಣ್ಣ, ಒಂದೇ ಪರಿಮಳ. ಕಾಂಪೌಂಡಿನಲ್ಲಿ ಕೊಕ್ಕೋ ಬೆಣ್ಣೆಯ ಬದಲು ತಾಳೆಬೀಜದ ಎಣ್ಣೆಯಂಥ ಬೇರೆ ಜಿಡ್ಡು ಇರುತ್ತದೆ. ಅದಕ್ಕೆ ಹದವೇ ಬೇಕಿಲ್ಲ. ಕರಗಿಸಿ ಹೊಯ್ದರೆ ಆಯಿತು. ಹಿಂದಿನ ಪಟ್ಟಿಯಲ್ಲಿ ಹೀಬ್ರೂವಿನಲ್ಲಿ ಖೆಮ್‌ಅತ್ ಕಕಾವ್ ಎಂದಿದ್ದರೆ ಅದು ಕೊಕ್ಕೋ ಬೆಣ್ಣೆ. ಓದಲು ಬಾರದಿದ್ದರೆ ಅಂಗಡಿಯಲ್ಲೇ ಕೇಳಿಕೊಳ್ಳಿ.

ಎರಡನ್ನೂ ಬೆರೆಸಿದ್ದರೆ ಅಲ್ಲಿಯೇ ತಪ್ಪು ಸಿಕ್ಕಿತು. ಈ ಎರಡು ಜಿಡ್ಡುಗಳು ಒಂದಕ್ಕೊಂದು ಒಗ್ಗುವುದಿಲ್ಲ. ಒಂದೊಂದೇ ಇದ್ದಾಗ ಗಟ್ಟಿಯಾಗಿರುವುದು ಬೆರೆತಾಗ ಎರಡಕ್ಕಿಂತಲೂ ಮೆತ್ತಗಾಗುತ್ತದೆ, ಕೆಲವು ದಿನಗಳಲ್ಲಿ ಬಿಳಿಯೂ ಏಳುತ್ತದೆ. ಚಾಕೊಲೇಟ್ ಸ್ವಲ್ಪ ಕಡಿಮೆ ಬಿತ್ತೆಂದು ಮನೆಯಲ್ಲಿದ್ದ ಕಾಂಪೌಂಡಿನ ಚೂರು ಹಾಕಿ ಸರಿದೂಗಿಸುವುದು ಬಹಳ ಜನ ಮಾಡುವ ಕೆಲಸ. ಹದಕ್ಕೆ ತರುವ ಯಾವ ಉಪಾಯವೂ ಇದನ್ನು ಸರಿಪಡಿಸಲಾರದು. ಈ ಮಿಶ್ರಣವನ್ನು ಕೇಕಿಗೋ ಬಿಸ್ಕತ್ತಿಗೋ ಬಳಸಿ.

ಕರಗಿಸುವಾಗಲೇ ಮುದ್ದೆಯಾಯಿತು

ನುಣ್ಣಗೆ ಹರಿಯುತ್ತಿದ್ದದ್ದು ಕಣ್ಣೆದುರೇ ಬಿಗಿದು, ಹೊಳಪು ಕಳೆದು, ಒದ್ದೆ ಮಣ್ಣಿನ ಹಾಗಾಗುತ್ತದೆ. ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಕಾರಣ ನೀರು. ಚಾಕೊಲೇಟ್ ಎಂದರೆ ಜಿಡ್ಡಿನಲ್ಲಿ ತೇಲುವ ಸಕ್ಕರೆ ಮತ್ತು ಕೊಕ್ಕೋ ಪುಡಿ. ನಾಲ್ಕು ಹನಿ ನೀರು ಬಿದ್ದರೆ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಣ ಸಕ್ಕರೆ ಡಬ್ಬಿಗೆ ಒದ್ದೆ ಚಮಚ ಹಾಕಿದರೆ ಗಂಟಾಗುವುದಿಲ್ಲವೇ, ಹಾಗೆ.

ನೀರು ಎಲ್ಲಿಂದ ಬಂತು ಎಂದು ಹುಡುಕಿ. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕರಗಿಸಿದ್ದರೆ ಪಕ್ಕದಿಂದ ಏಳುವ ಹಬೆ. ಬಟ್ಟಲು ಪಾತ್ರೆಯ ಬಾಯಿಗೆ ಸರಿಯಾಗಿ ಕೂರಬೇಕು, ತಳ ನೀರಿಗೆ ತಾಗಬಾರದು, ನೀರು ಕುದಿಯಬಾರದು. ಮರದ ಸೌಟು ತೊಳೆದು ಒರೆಸಿದರೂ ಒಳಗೆ ತೇವ ಹಿಡಿದಿರುತ್ತದೆ. ಸಿಲಿಕೋನ್ ಸೌಟು ವಾಸಿ. ಮೂರನೆಯದು ಬಟ್ಟಲನ್ನು ಮೇಲೆತ್ತುವಾಗ ತಳದಿಂದ ತೊಟ್ಟಿಕ್ಕುವ ನೀರು. ಎತ್ತಿದ ಕೂಡಲೇ ಒಣ ಬಟ್ಟೆಯಿಂದ ಒರೆಸುವ ಅಭ್ಯಾಸ ಮಾಡಿಕೊಳ್ಳಿ.

ಈ ಹಬ್ಬಕ್ಕೇ ಸೇರಿದ ಇನ್ನೊಂದು ಮೂಲವಿದೆ. ದೇವಾಲಯದಲ್ಲಿ ಒಂದು ದಿನದ ಎಣ್ಣೆ ಎಂಟು ದಿನ ಉರಿದ ಪವಾಡದ ನೆನಪಿಗೆ ಹನುಕ್ಕಾದಲ್ಲಿ ಎಣ್ಣೆಯಲ್ಲಿ ಕರಿದದ್ದನ್ನು ತಿನ್ನುತ್ತಾರೆ. ಆಲೂಗಡ್ಡೆ ತುರಿದು ಮಾಡುವ ಲೆವಿವೋತ್, ಒಳಗೆ ಜಾಮ್ ತುಂಬಿದ ಸುಫ್ಗನಿಯೋತ್. ತುರಿದ ಆಲೂಗಡ್ಡೆ ಕಾದ ಎಣ್ಣೆಗೆ ಬಿದ್ದಾಗ ಏಳುವ ಹಬೆ ಎಷ್ಟೆಂದು ಕರಿದವರಿಗೆ ಗೊತ್ತು. ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಚಾಕೊಲೇಟ್ ಕರಗಿಸಬೇಡಿ. ಕೋಣೆ ಬಿಸಿಯೂ ಆಗುತ್ತದೆ, ತೇವವೂ ಏರುತ್ತದೆ. ಒಂದೇ ಏಟಿಗೆ ಎರಡು ತಪ್ಪು. ನಾಣ್ಯ ಬೆಳಿಗ್ಗೆ, ಕರಿಯುವುದು ಸಂಜೆ ಎಂದು ನಾನು ಭಾಗ ಮಾಡಿಕೊಂಡಿದ್ದೇನೆ.

ಮುದ್ದೆಯಾದದ್ದು ನಾಣ್ಯಕ್ಕೆ ಮರಳಿ ಬಾರದು. ಎಸೆಯಲೂ ಬೇಡ. ಕೇಳಲು ವಿಚಿತ್ರವೆನಿಸಬಹುದು, ಇದಕ್ಕೆ ಮದ್ದು ಇನ್ನಷ್ಟು ನೀರು. ಬಿಸಿನೀರನ್ನು ಒಂದೊಂದೇ ಚಮಚ ಹಾಕುತ್ತಾ ಬಲವಾಗಿ ತಿರುವಿದರೆ ಸಕ್ಕರೆ ಪೂರ್ತಿ ಕರಗಿ ಮತ್ತೆ ನುಣುಪಾಗುತ್ತದೆ. ಸುಫ್ಗನಿಯೋತ್ ಮೇಲೆ ಸುರಿಯಲು ಇದಕ್ಕಿಂತ ಒಳ್ಳೆಯ ಸಾಸ್ ಬೇರೆಯಿಲ್ಲ.

ಮುದ್ದೆಯ ಜೊತೆಗೆ ಸೀದ ವಾಸನೆಯೂ ಇದ್ದರೆ ಅದು ನೀರಲ್ಲ, ಬೆಂಕಿ. ಹಾಲಿನ ಚಾಕೊಲೇಟ್ ಮತ್ತು ಬಿಳಿ ಚಾಕೊಲೇಟ್ ಬೇಗ ಸೀಯುತ್ತವೆ. ಸೀದದ್ದಕ್ಕೆ ಮದ್ದಿಲ್ಲ. ಮೈಕ್ರೋವೇವಿನಲ್ಲಿ ಕರಗಿಸುವವರು ಅರ್ಧ ಶಕ್ತಿಯಲ್ಲಿ 20 ಸೆಕೆಂಡಿಗೊಮ್ಮೆ ಹೊರತೆಗೆದು ತಿರುವಬೇಕು. ಚಾಕೊಲೇಟ್ ತನ್ನ ಆಕಾರ ಬಿಡದೆಯೇ ಒಳಗೆ ಸೀದಿರಬಹುದು.

ನಾಣ್ಯದ ಮೇಲೆ ಬಿಳಿ

ಹೆಚ್ಚಿನವರು ಇದನ್ನು ಬೂಷ್ಟು ಎಂದುಕೊಂಡು ಕಸದ ಬುಟ್ಟಿಗೆ ಹಾಕುತ್ತಾರೆ. ನನಗೆ ಅದನ್ನು ಕಂಡರೆ ಸಂಕಟವಾಗುತ್ತದೆ. ಬೂಷ್ಟಲ್ಲ, ತಿಂದರೆ ಏನೂ ಆಗುವುದಿಲ್ಲ. ಬಿಳಿಯಲ್ಲಿ ಎರಡು ಜಾತಿ. ಕಣ್ಣಿಗೆ ಎರಡೂ ಒಂದೇ ತರಹ ಕಂಡರೂ ಒಂದಕ್ಕೆ ಕಾರಣ ಬಿಸಿ, ಇನ್ನೊಂದಕ್ಕೆ ಕಾರಣ ತೇವ. ಯಾವುದೆಂದು ಗೊತ್ತಾಗದೆ ಮಾಡುವ ಪರಿಹಾರ ಸಾಮಾನ್ಯವಾಗಿ ತಪ್ಪನ್ನೇ ಹೆಚ್ಚಿಸುತ್ತದೆ.

ಬಿಳಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಉಜ್ಜಿ. ಜಿಡ್ಡುಜಿಡ್ಡಾಗಿ ಕರಗಿ ಮಾಯವಾಗಿ ಕೆಳಗಿನ ಕಪ್ಪು ಬಣ್ಣ ಕಂಡರೆ ಅದು ಜಿಡ್ಡಿನ ಬಿಳಿ, ಅಂದರೆ ಕೊಕ್ಕೋ ಬೆಣ್ಣೆ ಮೇಲಕ್ಕೆ ಬಂದು ಹರಳುಗಟ್ಟಿದ್ದು. ಬೆರಳಿಗೆ ಒರಟಾಗಿ, ಒಣಗಿದ ಹಾಗೆ ತಾಗಿ, ಉಜ್ಜಿದರೂ ಹೋಗದಿದ್ದರೆ ಅದು ಸಕ್ಕರೆಯ ಬಿಳಿ. ಇನ್ನೂ ಅನುಮಾನವಿದ್ದರೆ ಒಂದು ಹನಿ ನೀರು ಸವರಿ. ಸಕ್ಕರೆಯ ಬಿಳಿ ನೀರಿಗೆ ಕರಗಿ ಮಾಯವಾಗುತ್ತದೆ, ಒಣಗಿದ ಮೇಲೆ ಮರಳಿ ಬರುತ್ತದೆ. ಜಿಡ್ಡಿನ ಬಿಳಿ ನೀರಿಗೆ ಜಗ್ಗುವುದಿಲ್ಲ.

ಜಿಡ್ಡಿನ ಬಿಳಿ ಯಾವಾಗ ಕಂಡಿತೆಂಬುದು ಮುಂದಿನ ಪ್ರಶ್ನೆ. ಅಚ್ಚಿನಿಂದ ತೆಗೆದಾಗಲೇ, ಅಥವಾ ಮರುದಿನದೊಳಗೆ ಕಂಡಿದ್ದರೆ ಹದ ಬಂದಿರಲಿಲ್ಲ. ಮತ್ತೆ ಕರಗಿಸಿ, ಈ ಸಲ ಚಾಕುವಿನ ಪರೀಕ್ಷೆ ಮಾಡಿ. ಮೂರು ನಾಲ್ಕು ದಿನ ಹೊಳೆಯುತ್ತಿದ್ದು ಆಮೇಲೆ ಬಂದಿದ್ದರೆ ಹದ ಸರಿಯಿತ್ತು, ಇಟ್ಟ ಜಾಗ ತಪ್ಪು. ನಾನು ಈ ಎರಡನೆಯದನ್ನು ಒಂದು ಹಬ್ಬದ ಐದನೆಯ ರಾತ್ರಿ ಕಂಡೆ. ಒಂದೇ ದಿನ ಅಚ್ಚಿನಿಂದ ತೆಗೆದ ನಾಣ್ಯಗಳಲ್ಲಿ ಡಬ್ಬಿಯಲ್ಲಿಟ್ಟವೆಲ್ಲ ಕನ್ನಡಿಯಂತೆ ಹೊಳೆಯುತ್ತಿದ್ದವು. ಸಣ್ಣ ತಟ್ಟೆಯಲ್ಲಿಟ್ಟ ಹತ್ತು ನಾಣ್ಯಗಳು ಮಾತ್ರ ಬೂದಿಬಣ್ಣ. ತಟ್ಟೆ ಇದ್ದದ್ದು ಕಿಟಕಿಯ ಬಳಿ, ಹನುಕ್ಕಿಯಾದ ಪಕ್ಕದಲ್ಲಿ. ಹನುಕ್ಕಿಯಾ ಎಂದರೆ ಎಂಟು ದೀಪಗಳಿಗೆ ಒಂದು ಸೇವಕದೀಪ ಸೇರಿದ ಒಂಬತ್ತು ಕವಲಿನ ದೀಪಸ್ತಂಭ. ಐದನೆಯ ರಾತ್ರಿ ಅದರಲ್ಲಿ ಆರು ಮೇಣದಬತ್ತಿ ಉರಿಯುತ್ತವೆ. ದೀಪದ ಪಕ್ಕ ಚಿನ್ನದ ನಾಣ್ಯ ನೋಡಲು ಬಹಳ ಚೆಂದ, ಅದಕ್ಕೇ ಸಾವ್ತಾ ಅಲ್ಲಿಟ್ಟಿದ್ದರು. ರಾತ್ರಿ ರಾತ್ರಿ ಸ್ವಲ್ಪ ಬಿಸಿಯಾಗಿ, ಮತ್ತೆ ತಣಿದು, ಒಳಗಿನ ಬೆಣ್ಣೆ ಮೇಲಕ್ಕೇರಿತ್ತು. ಈಗ ತಟ್ಟೆಯನ್ನು ಮಕ್ಕಳು ಬಂದ ಮೇಲೆಯೇ ತರುತ್ತೇನೆ. ಕೋಣೆ ಬಿಸಿ ಮಾಡುವ ರೇಡಿಯೇಟರಿನ ಮೇಲಿನ ಕಪಾಟಿಗೂ ಇದೇ ಮಾತು.

ಸಕ್ಕರೆಯ ಬಿಳಿಗೆ ಫ್ರಿಜ್ಜನ್ನೇ ಮೊದಲು ಅನುಮಾನಿಸಿ. ತಣ್ಣನೆಯ ನಾಣ್ಯವನ್ನು ಹೊರಗೆ ತಂದಾಗ ತಂಬಿಗೆಯ ಮೇಲೆ ಹನಿಗೂಡುವಂತೆ ಅದರ ಮೇಲೂ ಕಣ್ಣಿಗೆ ಕಾಣದಷ್ಟು ನೀರು ಕೂರುತ್ತದೆ. ಆ ನೀರಿಗೆ ಸಕ್ಕರೆ ಕರಗಿ, ನೀರು ಆರಿದ ಮೇಲೆ ಹರಳಾಗಿ ಉಳಿಯುತ್ತದೆ. ಡಿಸೆಂಬರಿನಲ್ಲಿ ಹೈಫಾದಲ್ಲಿ ಮಳೆಗಾಲ. ಹೊರಗೆ ಮಳೆ, ಒಳಗೆ ಒಣಹಾಕಿದ ಬಟ್ಟೆ, ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ನಾಣ್ಯಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿಯೇ ಫ್ರಿಜ್ಜಿಗೆ ಇಡಿ. ಹೊರಗೆ ತೆಗೆದಾಗ ಡಬ್ಬಿಯ ಮುಚ್ಚಳವನ್ನು ಒಂದು ಗಂಟೆ ತೆರೆಯಬೇಡಿ. ಹನಿ ಕೂರುವುದಿದ್ದರೆ ಡಬ್ಬಿಯ ಮೇಲೆ ಕೂರಲಿ. ನಿಜ ಹೇಳಬೇಕೆಂದರೆ ಇಲ್ಲಿಯ ಚಳಿಗೆ ಫ್ರಿಜ್ಜೇ ಬೇಕಾಗಿಲ್ಲ. 18 ಡಿಗ್ರಿಯ ಮಲಗುವ ಕೋಣೆಯ ಕಪಾಟು ಸಾಕು. ನಮ್ಮ ಪುತ್ತೂರಿನಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಸೆಕೆಯೇ, ಅಲ್ಲಿ ಫ್ರಿಜ್ಜಿಲ್ಲದೆ ಆಗದು, ಆಗ ಡಬ್ಬಿಯ ನಿಯಮ ಇನ್ನೂ ಬಿಗಿ.

ಜಿಡ್ಡಿನ ಬಿಳಿ ಬಂದ ನಾಣ್ಯವನ್ನು ಮತ್ತೆ ಹದಕ್ಕೆ ತಂದು ಹೊಸ ನಾಣ್ಯ ಮಾಡಬಹುದು, ಎಷ್ಟು ಸಲ ಬೇಕಾದರೂ. ಸಕ್ಕರೆಯ ಬಿಳಿ ಬಂದದ್ದನ್ನು ಕರಗಿಸಿದರೆ ನಾಲಿಗೆಗೆ ಮರಳು ಮರಳಾಗಿ ಸಿಗುತ್ತದೆ. ಹಾಲಿಗೋ ಬಿಸಿನೀರಿಗೋ ಹಾಕಿ ಕುಡಿಯುವುದು ಅದಕ್ಕೆ ಸರಿಯಾದ ದಾರಿ.

ಅಚ್ಚು ಬಿಡುತ್ತಿಲ್ಲ

ಹದ ಬಂದ ಚಾಕೊಲೇಟ್ ಗಟ್ಟಿಯಾಗುವಾಗ ಕೊಂಚ ಕುಗ್ಗುತ್ತದೆ. ಆ ಕುಗ್ಗುವಿಕೆಯಿಂದಲೇ ನಾಣ್ಯ ಅಚ್ಚನ್ನು ಬಿಡುವುದು. ಪಾರದರ್ಶಕ ಅಚ್ಚಾದರೆ ಅಡಿಯಿಂದ ನೋಡಿ. ಒದ್ದೆಯಾದಂತೆ ಕಪ್ಪಗೆ ಕಂಡರೆ ಇನ್ನೂ ಅಂಟಿಕೊಂಡಿದೆ. ಮಂಜು ಕವಿದಂತೆ ಮಾಸಲಾಗಿ ಕಂಡರೆ ಬಿಟ್ಟಿದೆ, ಮಗುಚಿ ಹಾಕಬಹುದು. ಅರ್ಧ ಕಪ್ಪು ಅರ್ಧ ಮಾಸಲು ಇದ್ದರೆ ಕಾಯಿರಿ. ಚಾಕುವಿನ ಮೊನೆ ಹಾಕಿ ಕೀಳಬೇಡಿ, ಅಚ್ಚಿನಲ್ಲಿ ಗೀರು ಬಿದ್ದರೆ ಆ ಗೀರು ಮುಂದಿನ ಎಲ್ಲ ನಾಣ್ಯಗಳ ಮೇಲೂ ಮೂಡುತ್ತದೆ.

ಅಚ್ಚಿಗೆ ಎಣ್ಣೆ ಸವರುವ ತಪ್ಪನ್ನು ನಮ್ಮವರು ವಿಶೇಷವಾಗಿ ಮಾಡುತ್ತಾರೆ, ಬರ್ಫಿಯ ತಟ್ಟೆಗೆ ತುಪ್ಪ ಸವರಿ ರೂಢಿಯಾದ ಕೈಯಲ್ಲವೇ. ಇಲ್ಲಿ ಬೇಡ. ಎಣ್ಣೆ ಚಾಕೊಲೇಟಿನ ಮೇಲ್ಮೈಯನ್ನು ಮೆತ್ತಗೆ ಮಾಡಿ ಹೊಳಪು ಕೆಡಿಸುತ್ತದೆ. ಹತ್ತಿಯಿಂದ ಅಚ್ಚಿನ ಗುಳಿಗಳನ್ನು ಒಣದಾಗಿ ಉಜ್ಜಿ ಹೊಳಪಿಸಿ, ಅಷ್ಟು ಸಾಕು. ಪಾತ್ರೆ ಉಜ್ಜುವ ನಾರನ್ನು ಅಚ್ಚಿಗೆ ತಾಗಿಸಬೇಡಿ. ತೊಳೆದ ಅಚ್ಚಿನ ಮೂಲೆಯಲ್ಲಿ ಒಂದು ಹನಿ ನೀರು ಉಳಿದರೆ ಆ ನಾಣ್ಯ ಅಂಟುವುದು ಖಂಡಿತ.

ಹೊಯ್ದ ಮೇಲೆ ಹತ್ತು ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ತೊಂದರೆಯಿಲ್ಲ, ಫ್ರೀಜರ್ ಬೇಡ. ಎಲ್ಲ ಸರಿಯಾಗಿಯೂ ಗಟ್ಟಿಯಾಗದೆ ಹೋದರೆ ಹೊಯ್ಯುವಾಗ ಚಾಕೊಲೇಟ್ 32 ದಾಟಿತ್ತೇ ಎಂದು ನೆನಪು ಮಾಡಿಕೊಳ್ಳಿ. ಸಾಮಾನ್ಯವಾಗಿ ದಾಟಿರುತ್ತದೆ.

ಗಟ್ಟಿಯಾಗಿ ಹೊಯ್ಯಲಾಗುತ್ತಿಲ್ಲ, ಗುಳ್ಳೆ, ಅಳಿಸಿದ ಚಿತ್ರ

ಅರ್ಧ ಅಚ್ಚು ತುಂಬಿದ ಮೇಲೆ ಚಾಕೊಲೇಟ್ ದಪ್ಪವಾಗತೊಡಗಿದರೆ ಗಾಬರಿ ಬೇಡ. ಬಟ್ಟಲಿನಲ್ಲಿ ಹರಳು ಹೆಚ್ಚಾಗಿವೆ. ಬಿಸಿಗಾಳಿ ಊದುವ ಕೂದಲೊಣಗಿಸುವ ಯಂತ್ರದಿಂದ ಅರ್ಧ ಡಿಗ್ರಿ, ಒಂದು ಡಿಗ್ರಿ ಏರಿಸಿ, 32 ದಾಟದಂತೆ ನೋಡಿಕೊಂಡು ತಿರುವಿ. ತೆಳುವಾದರೆ ಸರಿ. ತೆಳುವಾಗದಿದ್ದರೆ ನೀರು ಬಿದ್ದಿದೆ, ಮೇಲಿನ ಭಾಗಕ್ಕೆ ಹೋಗಿ.

ಗುಳ್ಳೆಗಳಿಗೆ ಅಚ್ಚನ್ನು ಕಟ್ಟೆಗೆ ಎಂಟು ಹತ್ತು ಸಲ ಕುಟ್ಟಿ. ಮೇಲಿನ ಚಿತ್ರ ಸರಿಯಾಗಿ ಮೂಡದಿದ್ದರೆ ಮೊದಲು ಸಣ್ಣ ಕುಂಚದಿಂದ ಒಂದು ತೆಳು ಪದರ ಸವರಿ, ಆಮೇಲೆ ತುಂಬಿ. ಯಾವ ಚಿತ್ರ ಬೇಕೆಂದು ಯೋಚಿಸುವವರಿಗೆ ಒಂದು ಸಲಹೆ: ಇಲ್ಲಿಯ 10 ಅಗೊರೋತ್ ನಾಣ್ಯ ನಿಮ್ಮ ಪರ್ಸಿನಲ್ಲೇ ಇರುತ್ತದೆ. ಅದರ ಮೇಲಿರುವ ಏಳು ಕವಲಿನ ಮೆನೋರಾ ಮಕ್ಕಬಿಯರ ವಂಶದ ಕೊನೆಯ ದೊರೆ ಮತಿತ್ಯಾಹು ಅಂಟಿಗೊನಸ್ ಹೊರಡಿಸಿದ ನಾಣ್ಯದಿಂದ ತೆಗೆದದ್ದು. ಹನುಕ್ಕಾದ ನಾಣ್ಯಕ್ಕೆ ಇದಕ್ಕಿಂತ ಒಪ್ಪುವ ಚಿತ್ರ ನನಗಂತೂ ಕಂಡಿಲ್ಲ. ಚಲಾವಣೆಯ ನಾಣ್ಯವನ್ನು ಮಾತ್ರ ಚಾಕೊಲೇಟಿಗೆ ಒತ್ತಬೇಡಿ, ಎಷ್ಟು ತೊಳೆದರೂ.

ಚಿನ್ನದ ಹಾಳೆಯ ತೊಂದರೆಗಳು

ಹಾಳೆ ಹರಿಯುತ್ತಿದ್ದರೆ ನಾಣ್ಯದ ಅಂಚು ಚೂಪಾಗಿದೆ. ಅಚ್ಚು ತುಂಬಿದ ಕೂಡಲೇ ಹೆಚ್ಚಾದ ಚಾಕೊಲೇಟನ್ನು ಅಡ್ಡಪಟ್ಟಿಯಿಂದ ಎಳೆದು ತೆಗೆದರೆ ಅಂಚು ಸಮವಾಗಿರುತ್ತದೆ. ಹಾಳೆಯೊಳಗೆ ಮಸುಕಾದ ಬೆರಳಚ್ಚು ಕಂಡರೆ ಕೈ ಬಿಸಿ. ತೆಳುವಾದ ಹತ್ತಿಯ ಕೈಗವಸು ಹಾಕಿಕೊಳ್ಳಿ. ಅಚ್ಚಿನಿಂದ ತೆಗೆದ ದಿನವೇ ಸುತ್ತುವ ಬದಲು ಒಂದು ರಾತ್ರಿ ಬಿಟ್ಟರೆ ಹರಳುಗಳು ಪೂರ್ತಿ ಕಟ್ಟಿಕೊಂಡು ನಾಣ್ಯ ಇನ್ನೂ ಗಟ್ಟಿಯಾಗುತ್ತದೆ. ತಣ್ಣನೆಯ ನಾಣ್ಯಕ್ಕೆ ಹಾಳೆ ಸುತ್ತಿದರೆ ಒಳಗೆ ತೇವ ಸಿಕ್ಕಿಕೊಂಡು ಸಕ್ಕರೆಯ ಬಿಳಿ ಬರುತ್ತದೆ.

ಕೆಲಸದ ನಡುವೆ ದೀಪದ ಹೊತ್ತು ಬಂದರೆ

ಮೇಣದಬತ್ತಿಗಳು ಉರಿಯುವಾಗ, ಕನಿಷ್ಠ ಅರ್ಧ ಗಂಟೆ, ಹೆಂಗಸರು ಕೆಲಸ ಮಾಡದೆ ಕೂರುವ ಸಂಪ್ರದಾಯ ಹಲವು ಮನೆಗಳಲ್ಲಿದೆ. ನಮ್ಮ ಸಾವ್ತಾ ಅದನ್ನು ತಪ್ಪದೆ ಪಾಲಿಸುತ್ತಾರೆ, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಹದಕ್ಕೆ ಬಂದ ಚಾಕೊಲೇಟ್ ಅರ್ಧ ಗಂಟೆ ಕಾಯುವುದಿಲ್ಲ, ಬಟ್ಟಲಿನಲ್ಲೇ ಹೆಪ್ಪುಗಟ್ಟುತ್ತದೆ. ಹೀಗಾದರೆ ಕೆಟ್ಟಿತೆಂದು ತಿಳಿಯಬೇಡಿ, 45 ಡಿಗ್ರಿಯಿಂದ ಮತ್ತೆ ಶುರು ಮಾಡಿ. ಶುಕ್ರವಾರ ಮಾತ್ರ ಹಾಗೆ ಮಾಡಲಾಗದು. ಅಂದು ಹನುಕ್ಕಾ ದೀಪವನ್ನು ಶಬ್ಬಾತ್, ಅಂದರೆ ವಾರದ ವಿಶ್ರಾಂತಿಯ ದಿನದ, ದೀಪಕ್ಕೂ ಮೊದಲು, ಸೂರ್ಯ ಮುಳುಗುವ ಮುಂಚೆಯೇ ಹಚ್ಚುತ್ತಾರೆ. ಶಬ್ಬಾತ್ ಪಾಲಿಸುವ ಮನೆಯಲ್ಲಿ ಶನಿವಾರ ರಾತ್ರಿಯವರೆಗೆ ಒಲೆ ಇಲ್ಲ.

ಮತ್ತೆ ಕರಗಿಸಿದರೂ ಹೋಗದ ತಪ್ಪು

ಸೀದದ್ದೊಂದನ್ನು ಬಿಟ್ಟರೆ ಮೇಲೆ ಹೇಳಿದ್ದೆಲ್ಲವನ್ನೂ ಒಂದಲ್ಲ ಒಂದು ರೀತಿ ಸರಿಪಡಿಸಬಹುದು. ಇದನ್ನು ಆಗುವುದಿಲ್ಲ, ಇದು ಕಣ್ಣಿಗೂ ಕಾಣುವುದಿಲ್ಲ. ಕೋಷರ್, ಅಂದರೆ ಯೆಹೂದಿಗಳ ಆಹಾರದ ನಿಯಮ, ಪಾಲಿಸುವ ಮನೆಯಲ್ಲಿ ಹಾಲಿನದು ಹಲವಿ, ಮಾಂಸದ್ದು ಬಸರಿ, ಎರಡೂ ಅಲ್ಲದ್ದು ಪಾರ್ವೆ. ಹಲವಿ ಮತ್ತು ಬಸರಿ ಒಟ್ಟಿಗೆ ಸೇರಬಾರದು, ಪಾತ್ರೆಗಳೂ ಬೇರೆ ಬೇರೆ. ಮಾಂಸದ ಊಟವಾದ ಮೇಲೆ ಹಾಲಿನದನ್ನು ತಿನ್ನಲು ಬಹಳ ಮನೆಗಳಲ್ಲಿ ಆರು ಗಂಟೆ ಕಾಯುತ್ತಾರೆ. ಹಬ್ಬದ ರಾತ್ರಿ ಕೋಳಿಯ ಊಟವಾದರೆ ಹಾಲಿನ ಚಾಕೊಲೇಟ್ ನಾಣ್ಯವನ್ನು ಮಕ್ಕಳು ಮುಟ್ಟುವಂತಿಲ್ಲ. ಎದುರಿಗೇ ಇದ್ದೂ ತಿನ್ನಲಾಗದ ಮಗುವಿನ ಮುಖ ನೋಡಿದವರಿಗೆ ಇದರ ಬೆಲೆ ಗೊತ್ತು.

ಆದ್ದರಿಂದ ನಾನು ಪಾರ್ವೆ ಗುರುತಿರುವ ಕಪ್ಪು ಚಾಕೊಲೇಟ್, ಇಲ್ಲಿಯ ಮಾತಿನಲ್ಲಿ ಶೋಕೊಲಾದ್ ಮರೀರ್, ಅದನ್ನೇ ಬಳಸುತ್ತೇನೆ. ಕಪ್ಪಗಿದ್ದ ಮಾತ್ರಕ್ಕೆ ಪಾರ್ವೆ ಎಂದುಕೊಳ್ಳಬೇಡಿ, ಹಾಲಿನ ಪುಡಿ ಬೆರೆತ ಕಪ್ಪು ಚಾಕೊಲೇಟೂ ಇದೆ. ಪೊಟ್ಟಣದ ಮೇಲೆ ಗುರುತು ಇರಲೇಬೇಕು. ಪಾತ್ರೆ, ಸೌಟು, ಥರ್ಮಾಮೀಟರ್, ಅಚ್ಚು ಎಲ್ಲವೂ ಪಾರ್ವೆಗೆಂದೇ ಇಟ್ಟವಾಗಿರಬೇಕು. ಹಾಲಿನ ಚಾಕೊಲೇಟ್ ಹೊಯ್ದ ಅಚ್ಚಿಗೆ ಪಾರ್ವೆ ಚಾಕೊಲೇಟ್ ಹೊಯ್ದುಬಿಟ್ಟಿದ್ದರೆ ಅದನ್ನು ಮುಚ್ಚಿಡಬೇಡಿ. ಮನೆಯವರಿಗೆ ಹೇಳಿ, ಏನು ಮಾಡಬೇಕೆಂದು ಅವರೇ ತೀರ್ಮಾನಿಸಲಿ, ಬೇಕಿದ್ದರೆ ತಮ್ಮ ಧರ್ಮಗುರು ರಬ್ಬಿಯನ್ನು ಕೇಳಲಿ. ನಾವು ಆ ಧರ್ಮದವರಲ್ಲದಿರಬಹುದು, ಆ ಅಡುಗೆಮನೆ ನಮ್ಮ ಮೇಲೆ ಇಟ್ಟ ನಂಬಿಕೆ ಮಾತ್ರ ನಮ್ಮದೇ. ನಮ್ಮ ಮನೆಯಲ್ಲಿ ಒಲೆಯನ್ನು ಸಾವ್ತಾ ತಮ್ಮ ಕೈಯಿಂದಲೇ ಹಚ್ಚಿಕೊಡುತ್ತಾರೆ. ಆಮೇಲಿನ ಕೆಲಸ ನನ್ನದು.

ಉಳಿದ ನಾಣ್ಯವನ್ನು ವಸಂತದಲ್ಲಿ ಬರುವ ಪೆಸಾಖ್ ಹಬ್ಬದವರೆಗೆ ಇಟ್ಟುಕೊಳ್ಳುವ ಯೋಚನೆ ಬೇಡ. ಆ ಹಬ್ಬಕ್ಕೆ ಬೇರೆಯದೇ ಗುರುತಿನ ಚಾಕೊಲೇಟ್ ಬೇಕು. ಚಾಕೊಲೇಟಿನಲ್ಲಿ ಸಾಮಾನ್ಯವಾಗಿರುವ ಸೋಯಾ ಲೆಸಿಥಿನ್ ಕೂಡ ಹಲವು ಅಶ್ಕೆನಾಜಿ, ಅಂದರೆ ಯುರೋಪ್ ಮೂಲದ ಯೆಹೂದಿ, ಮನೆಗಳಲ್ಲಿ ಆ ವಾರ ನಿಷಿದ್ಧ.

ನನ್ನ ಲೆಕ್ಕಕ್ಕೆ 200 ಗ್ರಾಂ ಚಾಕೊಲೇಟಿನಲ್ಲಿ ಏಳು ಗ್ರಾಮಿನ 28 ನಾಣ್ಯಗಳು ಬರುತ್ತವೆ. ಹದಕ್ಕೆ ತರುವಾಗ ಮಾತ್ರ 400 ಗ್ರಾಂ ತೆಗೆದುಕೊಳ್ಳಿ. ಸ್ವಲ್ಪವೇ ಚಾಕೊಲೇಟ್ ಇದ್ದರೆ ಬಿಸಿ ಬೇಗ ಏರುತ್ತದೆ, ಬೇಗ ಇಳಿಯುತ್ತದೆ, ಕೈಗೆ ಸಿಗುವುದಿಲ್ಲ. ಮಿಕ್ಕದ್ದನ್ನು ಬೇಕಿಂಗ್ ಕಾಗದದ ಮೇಲೆ ತೆಳುವಾಗಿ ಹರಡಿ ಆರಿಸಿ ಡಬ್ಬಿಯಲ್ಲಿಡಿ. ಹದ ಬಂದ ಚಾಕೊಲೇಟ್ ಅದು, ಮುಂದಿನ ಸಲಕ್ಕೆ ಅದೇ ಹೆಪ್ಪು.